ಬರ್ಲಿನ್ನಿನ ಕಾಯಿದೆಯೂ ಮಧುಗಿರಿ ಸೀಮೆಯ ಬೆಳ್ಳಿಯೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಕಣ್ಣಾರೆ ಕಂಡವರಿಗೆ ಇಲ್ಲಿಯ ಒಕ್ಕಲಿಗನ ಐಶ್ವರ್ಯವು ಎಷ್ಟರದೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಬಂಡೆಯ ಬೆಟ್ಟಗಳು, ತೆಳುವಾದ ಕೆಂಪು ನೆಲ, ಬಂದರೆ ಬಂದಿತು ಬಾರದಿದ್ದರೆ ಇಲ್ಲ ಎನ್ನುವಂತಹ ಮಳೆ. ಜಯಮಂಗಲಿ, ಸುವರ್ಣಮುಖಿಗಳು ಹೆಸರಿಗೆ ನದಿಗಳಾದರೂ ವರ್ಷದ ಬಹುಭಾಗ ಮರಳಿನ ಹಾಸುಗಳೇ. ಕೆರೆ ಕೋಡಿಬಿದ್ದ ವರ್ಷ ಮನೆಯಲ್ಲಿ ರಾಗಿ ಮಿಗುವುದು. ಮಳೆ ತಪ್ಪಿದ ವರ್ಷ ದನವೂ ಉಳಿಯದು. ಹೀಗಿರುವಲ್ಲಿ ಒಳ್ಳೆಯ ವರ್ಷದಲ್ಲಿ ಮಿಕ್ಕ ನಾಲ್ಕು ಕಾಸನ್ನು ಕೆಟ್ಟ ವರ್ಷಕ್ಕೆಂದು ಕಾಪಿಡುವುದು ಹೇಗೆ? ಹಳ್ಳಿಗೆ ಬ್ಯಾಂಕೂ ಅಂಚೆಯ ಉಳಿತಾಯದ ಖಾತೆಯೂ ಇಲ್ಲದಿದ್ದ ಕಾಲದಲ್ಲಿ ರೈತನಿಗೆ ಗೊತ್ತಿದ್ದ ಉಪಾಯವು ಒಂದೇ: ಬೆಳ್ಳಿ. ಹೆಂಡತಿಯ ಕಾಲ್ಕಡಗ, ಮಗುವಿನ ಉಡಿದಾರ, ಸೊಸೆಯ ಡಾಬು, ಇವು ಶೃಂಗಾರಕ್ಕಾಗಿ ಇದ್ದುದು ನಿಜ. ಆದರೆ ಅದಕ್ಕೂ ಮಿಗಿಲಾಗಿ ಅವು ಮೈಮೇಲೆ ಧರಿಸಿದ ಬೊಕ್ಕಸವಾಗಿದ್ದುವು.

ಈ ಬೊಕ್ಕಸದಲ್ಲಿದ್ದ ಪ್ರತಿಯೊಂದು ರೂಪಾಯಿಯೂ ಒಂದು ತಲೆಮಾರಿನೊಳಗೆ ಹತ್ತಾಣೆಯಾಯಿತು. ಕಳ್ಳನು ಬರಲಿಲ್ಲ, ಸಾಹುಕಾರನು ತೂಕದಲ್ಲಿ ಮೋಸಮಾಡಲಿಲ್ಲ. ಹೀಗಾಗುವುದಕ್ಕೆ ಕಾರಣವಾದ ಘಟನಾಪರಂಪರೆಯ ಮೊದಲ ಕೊಂಡಿಯು ನಾಲ್ಕು ಸಾವಿರ ಮೈಲಿಗಳಿಗೂ ಆಚೆಯ ಬರ್ಲಿನ್ ನಗರದಲ್ಲಿ, ೧೮೭೩ನೆಯ ಇಸವಿ ಜುಲೈ ೯ರಂದು, ಅಂದರೆ ನಮ್ಮ ಶ್ರೀಮುಖ ಸಂವತ್ಸರದಲ್ಲಿ, ಹಾಕಲ್ಪಟ್ಟಿತು. ಆ ವರ್ಷದ ಚರಿತ್ರೆಯನ್ನು ನಮ್ಮ ಸೀಮೆಯ ವಾಚಕರು ತಿಳಿಯುವುದು ಅವಶ್ಯಕವೆಂದು ನಾವು ಭಾವಿಸುವುದು ಈ ಕಾರಣದಿಂದಲೇ.

ಜರ್ಮನಿಯ ಆ ವರ್ಷ

೧೮೭೧ನೆಯ ಇಸವಿ ಜನವರಿ ೧೮ರಂದು ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಪ್ರಷ್ಯದ ದೊರೆಯಾದ ಒಂದನೆಯ ವಿಲ್ಹೆಲ್ಮನು ಜರ್ಮನ್ ಚಕ್ರವರ್ತಿಯೆಂದು ಘೋಷಿತನಾದನು. ಬಿಸ್ಮಾರ್ಕನ ಚಾತುರ್ಯದಿಂದ ಹಲವು ಸಂಸ್ಥಾನಗಳು ಒಂದು ಸಾಮ್ರಾಜ್ಯವಾದುವು. ಆದರೆ ಬಾವುಟವು ಒಂದಾದ ಮಾತ್ರಕ್ಕೆ ನಾಣ್ಯವು ಒಂದಾಗಲಿಲ್ಲ. ಉತ್ತರದಲ್ಲಿ ಥಾಲರ್, ದಕ್ಷಿಣದಲ್ಲಿ ಗುಲ್ಡನ್, ಬ್ರೆಮೆನ್ ಪಟ್ಟಣದಲ್ಲಿ ಬೇರೆಯೇ ಚಿನ್ನದ ಲೆಕ್ಕ. ವರಹ, ಹಣ, ರೂಪಾಯಿಗಳು ಏಕಕಾಲದಲ್ಲಿ ಚಲಾವಣೆಯಲ್ಲಿದ್ದು ಒಂದೊಂದು ಪೇಟೆಯಲ್ಲಿಯೂ ಶರಾಫನಿಗೆ ವಟ್ಟ ತೆರಬೇಕಾಗಿದ್ದ ನಮ್ಮ ಹಿಂದಿನ ಕಾಲವನ್ನು ನೆನೆದರೆ ಆ ತೊಡಕು ಎಂತಹುದೆಂಬುದು ಅರ್ಥವಾದೀತು. ಬ್ರೆಮೆನ್ನಿನಂತಹ ಅಪವಾದವನ್ನು ಬಿಟ್ಟರೆ ಜರ್ಮನಿಯ ಸಂಸ್ಥಾನಗಳೆಲ್ಲ ಆಗ ಬೆಳ್ಳಿಯನ್ನೇ ಮೂಲಮಾನವಾಗಿ ಇಟ್ಟುಕೊಂಡಿದ್ದುವು.

ಹೊಸ ಸಾಮ್ರಾಜ್ಯವು ಒಂದೇ ನಾಣ್ಯವನ್ನು ಮಾಡಿಕೊಳ್ಳಲು ಹೊರಟಾಗ, ಅದು ಬೆಳ್ಳಿಯದಾಗಿರಬೇಕೋ ಚಿನ್ನದ್ದಾಗಿರಬೇಕೋ ಎಂಬ ಪ್ರಶ್ನೆ ಹುಟ್ಟಿತು. ಲೋಕದ ವಾಣಿಜ್ಯಕ್ಕೆ ರಾಜಧಾನಿಯಂತಿದ್ದ ಲಂಡನ್ನಿನಲ್ಲಿ ಚಿನ್ನವೇ ನಡೆಯುತ್ತಿದ್ದಿತು. ಅದರ ಸಮಕ್ಕೆ ನಿಲ್ಲಬೇಕೆಂಬುದು ಜರ್ಮನಿಯ ವರ್ತಕರ ಆಕಾಂಕ್ಷೆ. ಯುದ್ಧದಲ್ಲಿ ಸೋತ ಫ್ರಾನ್ಸು ತೆರಬೇಕಾಗಿ ಬಂದ ೫೦೦ ಕೋಟಿ ಫ್ರಾಂಕುಗಳ ದಂಡವು ಈ ಆಕಾಂಕ್ಷೆಗೆ ಬಂಡವಾಳವಾಯಿತು. ಆ ದಂಡದ ಬಹುಭಾಗವು ಹುಂಡಿಗಳ ರೂಪದಲ್ಲಿ ಸಂದಾಯವಾಗಿ, ಆ ಹುಂಡಿಗಳ ಬಲದಿಂದ ಜರ್ಮನಿಯು ಚಿನ್ನವನ್ನು ಶೇಖರಿಸತೊಡಗಿತು. ೧೮೭೧ರ ಡಿಸೆಂಬರ್ ೪ರ ಕಾಯಿದೆಯಿಂದ ಹತ್ತು ಮತ್ತು ಇಪ್ಪತ್ತು ಮಾರ್ಕುಗಳ ಚಿನ್ನದ ನಾಣ್ಯಗಳು ಹುಟ್ಟಿದುವು. ೧೮೭೩ರ ಜುಲೈ ೯ರ ನಾಣ್ಯ ಕಾಯಿದೆಯು ಸಾಮ್ರಾಜ್ಯಕ್ಕೆಲ್ಲ ಚಿನ್ನವೇ ಮೂಲಮಾನವೆಂದು ವಿಧಿಸಿ, ಬೆಳ್ಳಿಯ ಹೊಸ ನಾಣ್ಯವನ್ನು ಚಿಲ್ಲರೆಯ ಅಂತಸ್ತಿಗೆ ಇಳಿಸಿತು. ೨೦ ಮಾರ್ಕುಗಳಿಗೆ ಮೇಲ್ಪಟ್ಟ ಸಾಲವನ್ನು ಆ ಬೆಳ್ಳಿಯಲ್ಲಿ ತೀರಿಸಿಕೊಳ್ಳುವಂತೆ ಯಾರನ್ನೂ ನಿರ್ಬಂಧಿಸುವಹಾಗಿರಲಿಲ್ಲ.

ಇದು ಅರಮನೆಯಿಂದ ಹೊರಟ ಬರಿಯ ಆಜ್ಞೆಯಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ರೈಖ್‌ಸ್ಟಾಗ್ ಎಂಬ ಅವರ ಪ್ರತಿನಿಧಿ ಸಭೆಯಲ್ಲಿ ಇದರ ಒಂದೊಂದು ಅಂಶವೂ ಚರ್ಚೆಗೆ ಬಂದಿತು. ಚಿನ್ನದ ಪಕ್ಷದ ಮುಖ್ಯ ವಾದಿಯಾಗಿದ್ದ ಲುಡ್ವಿಗ್ ಬ್ಯಾಂಬರ್ಗರನು ಜನರಿಂದ ಚುನಾಯಿತನಾದ ಸದಸ್ಯನು. ಹಿಂದೆ ರಾಜಕೀಯ ಕಾರಣದಿಂದ ದೇಶಭ್ರಷ್ಟನಾಗಿ ಪ್ಯಾರಿಸ್ಸಿನಲ್ಲಿ ಬ್ಯಾಂಕಿನ ವ್ಯವಹಾರವನ್ನು ಕಲಿತವನು. ತಮ್ಮ ನಾಣ್ಯವು ಹೇಗಿರಬೇಕೆಂಬುದನ್ನು ಜರ್ಮನರು ತಮ್ಮ ಪ್ರತಿನಿಧಿಗಳ ಮೂಲಕ ಗೊತ್ತುಮಾಡಿಕೊಂಡರು.

ಆ ವರ್ಷವು ಜರ್ಮನಿಗೆ ಹಿಗ್ಗನ್ನೂ ಪೆಟ್ಟನ್ನೂ ಒಟ್ಟಿಗೆ ತಂದಿತು. ಸೆಪ್ಟೆಂಬರ್ ೨ರಂದು ಬರ್ಲಿನ್ನಿನಲ್ಲಿ ವಿಜಯಸ್ತಂಭದ ಉದ್ಘಾಟನೆ. ಅದೇ ತಿಂಗಳಲ್ಲಿ ಫ್ರಾನ್ಸಿನಿಂದ ದಂಡದ ಕೊನೆಯ ಕಂತು. ಆದರೆ ಮೇ ೯ರಂದೇ ವಿಯೆನ್ನಾದ ಷೇರುಪೇಟೆ ಕುಸಿದಿದ್ದಿತು. ಶರತ್ಕಾಲದ ಹೊತ್ತಿಗೆ ಬರ್ಲಿನ್ನಿನ ಬ್ಯಾಂಕುಗಳೂ ದಿವಾಳಿಯಾಗತೊಡಗಿದುವು. ಪುಕ್ಕಟೆಯಾಗಿ ಬಂದ ಹಣದ ಅಮಲಿನಲ್ಲಿ ಎದ್ದ ನೂರಾರು ಕಂಪೆನಿಗಳು ನೆಲಕ್ಕೆ ಬಿದ್ದುವು.

ಬೆಳ್ಳಿಯ ಇಳಿತ

ಚಿನ್ನವನ್ನು ಹಿಡಿದ ಜರ್ಮನಿಯು ತನ್ನ ಹಳೆಯ ಬೆಳ್ಳಿಯನ್ನು ಕರಗಿಸಿ ಲೋಕದ ಪೇಟೆಯಲ್ಲಿ ಮಾರತೊಡಗಿತು. ೧೮೭೯ರ ಮೇ ತಿಂಗಳಲ್ಲಿ, ನಷ್ಟವು ಮಿತಿಮೀರಿತೆಂದು ಬಿಸ್ಮಾರ್ಕನು ಮಾರಾಟವನ್ನು ನಿಲ್ಲಿಸುವಷ್ಟರಲ್ಲಿ, ಸುಮಾರು ೩೫ ಲಕ್ಷ ಕಿಲೋಗ್ರಾಂ ಬೆಳ್ಳಿ ಹೊರಬಿದ್ದಿದ್ದಿತು. ತಪ್ಪನ್ನೆಲ್ಲ ಜರ್ಮನಿಯ ತಲೆಗೇ ಕಟ್ಟುವುದು ನ್ಯಾಯವಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳೂ ಅದೇ ೧೮೭೩ರ ಫೆಬ್ರವರಿಯಲ್ಲಿ ಬೆಳ್ಳಿಯ ಡಾಲರನ್ನು ಕೈಬಿಟ್ಟುವು. ಜರ್ಮನಿಯ ಬೆಳ್ಳಿ ತಮ್ಮ ಮೇಲೆ ಬಂದು ಬೀಳುವುದೆಂಬ ಭಯದಿಂದ ಫ್ರಾನ್ಸು ಮತ್ತು ಅದರ ನೆರೆಯ ರಾಜ್ಯಗಳು ೧೮೭೪ರಲ್ಲಿ ಬೆಳ್ಳಿನಾಣ್ಯದ ಮುದ್ರಣವನ್ನು ಮಿತಗೊಳಿಸಿ ೧೮೭೮ರಲ್ಲಿ ನಿಲ್ಲಿಸಿಯೇಬಿಟ್ಟುವು. ಇತ್ತ ಅಮೆರಿಕಾದ ನೆವಾಡ ಸೀಮೆಯ ಗಣಿಗಳಿಂದ ಹೊಸ ಬೆಳ್ಳಿ ಹೊಳೆಯಾಗಿ ಹರಿಯುತ್ತಿದ್ದಿತು. ಕೊಳ್ಳುವವರು ಕಡಮೆಯಾಗಿ ಮಾರುವವರು ಹೆಚ್ಚಿದಾಗ ಧಾರಣೆಯು ಏನಾಗಬೇಕೋ ಅದೇ ಆಯಿತು. ಲಂಡನ್ನಿನಲ್ಲಿ ಔನ್ಸಿಗೆ ೧೮೭೩ರಲ್ಲಿ ಸರಾಸರಿ ೫೯ ಪೆನ್ಸಿಗೂ ಮೇಲಿದ್ದ ಬೆಳ್ಳಿಯು ೧೮೯೨ರಲ್ಲಿ ಸುಮಾರು ೪೦ಕ್ಕೂ ೧೮೯೪ರಲ್ಲಿ ಸುಮಾರು ೨೯ಕ್ಕೂ ಇಳಿಯಿತು.

ಬೆಳ್ಳಿಯನ್ನು ಎಲ್ಲರೂ ಬಿಟ್ಟ ಆ ಹೊತ್ತಿನಲ್ಲಿ ಬೆಳ್ಳಿಯನ್ನೇ ನಂಬಿ ಉಳಿದ ದೊಡ್ಡ ದೇಶಗಳಲ್ಲಿ ಹಿಂದೂಸ್ಥಾನವು ಮುಖ್ಯವಾದುದು. ಇದರಲ್ಲೊಂದು ವಿಪರ್ಯಾಸವುಂಟು. ನಮ್ಮ ದಕ್ಷಿಣ ದೇಶವು ಮೂಲತಃ ಚಿನ್ನದ ನಾಡು. ವಿಜಯನಗರದ ವರಹ, ಮೈಸೂರಿನ ಕಂಠೀರಾಯ ಹಣ, ಇವೆಲ್ಲ ಚಿನ್ನದವು. ಬೆಳ್ಳಿಯ ರೂಪಾಯಿಯು ಉತ್ತರದ ಬಾದಶಹರ ನಾಣ್ಯ; ಮೊಗಲರ ಸುಬಾದ ಮುಖ್ಯಸ್ಥಳವಾಗಿದ್ದ ಶಿರಾದವರಿಗೆ ಅದರ ಪರಿಚಯವು ಹಳೆಯದು. ಅದನ್ನೇ ದೇಶಕ್ಕೆಲ್ಲ ಏಕನಾಣ್ಯವಾಗಿ ಮಾಡಿದುದು ಕಂಪೆನಿ ಸರ್ಕಾರದ ೧೮೩೫ರ ಕಾಯಿದೆ. ಬೆಂಗಳೂರಿನಲ್ಲಿದ್ದ ಮೈಸೂರಿನ ಟಂಕಸಾಲೆಯೂ ೧೮೪೩ರಲ್ಲಿ ಮುಚ್ಚಿತು. ಹೀಗೆ ಚಿನ್ನದಿಂದ ಬೆಳ್ಳಿಗೆ ತರಲ್ಪಟ್ಟ ಜನರೇ, ಬೆಳ್ಳಿಯು ಬಿದ್ದಾಗ ಅದರ ಕೆಳಗೆ ಸಿಕ್ಕಿಕೊಂಡರು.

ಧಾತು ಈಶ್ವರದ ಬರ

ಜರ್ಮನಿಯು ಬೆಳ್ಳಿ ಮಾರುತ್ತಿದ್ದ ಕಾಲದಲ್ಲಿಯೇ ನಮ್ಮ ಸೀಮೆಯವರೂ ಬೆಳ್ಳಿ ಮಾರಬೇಕಾಗಿ ಬಂದುದು ದೈವದ ಕ್ರೂರ ವಿನೋದವೆಂದೇ ಹೇಳಬೇಕು. ೧೮೭೫ರಿಂದ ಮೂರು ವರ್ಷ ಮಳೆಯು ಕೈಕೊಟ್ಟು, ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು ಮೈಸೂರು ದೇಶವನ್ನು ಆವರಿಸಿತು. ೧೮೭೧ರ ಖಾನೇಷುಮಾರಿಯಲ್ಲಿ ೫೦,೫೫,೪೧೨ ಇದ್ದ ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿತ್ತೆಂದರೆ ಹೆಚ್ಚಿನ ವಿವರಣೆಯೇ ಬೇಕಿಲ್ಲ. ಮೂಡಣ ಬಯಲುಸೀಮೆಯ ತಾಲ್ಲೂಕುಗಳಿಗೆ ತಗುಲಿದ ಪೆಟ್ಟು ಎಲ್ಲಕ್ಕಿಂತ ಕಠಿನವಾದುದು. ಆಗ ಮದ್ದಗಿರಿಯೆಂದು ಹೆಸರಾಗಿದ್ದ ಮಧುಗಿರಿಯೂ ಅದರ ನೆರೆಹೊರೆಯೂ ಆ ಸಾಲಿನವೇ. ಜನರು ಮೊದಲು ದನವನ್ನೂ, ಆಮೇಲೆ ಹಿತ್ತಾಳೆಯ ಪಾತ್ರೆಗಳನ್ನೂ, ಮನೆಯ ಬಾಗಿಲು ತೊಲೆಗಳನ್ನೂ ಮಾರಿದರು. ಮೈಮೇಲಿನ ಬೆಳ್ಳಿಯನ್ನು ಕಳಚಿಕೊಟ್ಟರು.

ಆ ಬೆಳ್ಳಿಗೆ ಎಷ್ಟು ಬಂದಿತು? ಅಂದಿನ ರೂಪಾಯಿಯ ತೂಕವು ೧೮೦ ಗ್ರೇನು, ಎಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಅಪ್ಪಟ ಬೆಳ್ಳಿ. ಯಾರು ಬೇಕಾದರೂ ಬೊಂಬಾಯಿಯ ಅಥವಾ ಕಲ್ಕತ್ತೆಯ ಟಂಕಸಾಲೆಗೆ ಬೆಳ್ಳಿಯನ್ನು ಒಯ್ದು ಕೊಟ್ಟರೆ, ನೂರಕ್ಕೆ ಸುಮಾರು ಎರಡರಷ್ಟು ಕೂಲಿಯನ್ನು ಮುರಿದುಕೊಂಡು, ಅದನ್ನು ರೂಪಾಯಿಗಳಾಗಿ ಅಚ್ಚುಹಾಕಿ ಕೊಡುತ್ತಿದ್ದರು. ಪಾವಗಡದ ರೈತನು ಬೊಂಬಾಯಿಗೆ ಹೋಗಲಿಲ್ಲ, ನಿಜ. ಆದರೆ ಊರಿನ ಶರಾಫನಿಂದ ಬೆಂಗಳೂರಿನ ವರ್ತಕನಿಗೂ ಅಲ್ಲಿಂದ ಬೊಂಬಾಯಿಗೂ ಬೆಳ್ಳಿ ಸಾಗುವ ದಾರಿಯೊಂದಿದ್ದುದರಿಂದ, ಶರಾಫನು ತನ್ನ ಲಾಭವನ್ನು ಎಷ್ಟೇ ಹಿಡಿದುಕೊಂಡರೂ ಧಾರಣೆಗೊಂದು ತಳವಿದ್ದಿತು. ಕ್ಷಾಮದ ವರ್ಷಗಳಲ್ಲಿ ದಕ್ಷಿಣ ದೇಶದ ಒಡವೆಗಳು ರಾಶಿರಾಶಿಯಾಗಿ ಬೊಂಬಾಯಿಯ ಟಂಕಸಾಲೆಯನ್ನು ಸೇರಿದುವು. ಲಂಡನ್ನಿನಲ್ಲಿ ಬೆಳ್ಳಿಯು ಬಿದ್ದಿದ್ದರೂ ಇಲ್ಲಿ ತೊಲ ಬೆಳ್ಳಿಗೂ ರೂಪಾಯಿಗೂ ಇದ್ದ ನಂಟು ಹರಿದಿರಲಿಲ್ಲ. ೧೮೭೩ರ ಬಾಣವು ಹೊರಟಿದ್ದಿತು, ಇನ್ನೂ ತಾಗಿರಲಿಲ್ಲ.

ಅದು ತಾಗಿದ ಬಗೆ

ಬಾಣವು ಮೊದಲು ನಾಟಿದುದು ಸರ್ಕಾರದ ಬೊಕ್ಕಸಕ್ಕೆ. ಹಿಂದೂಸ್ಥಾನದ ಸರ್ಕಾರವು ಸಾಲದ ಬಡ್ಡಿ, ಸಿಪಾಯಿ ಖರ್ಚು, ಅಧಿಕಾರಿಗಳ ಪಿಂಚಣಿ ಮುಂತಾದುವಕ್ಕಾಗಿ ‘ಹೋಂ ಚಾರ್ಜು’ ಎಂಬ ಹೆಸರಿನಿಂದ ಪ್ರತಿ ವರ್ಷವೂ ಇಂಗ್ಲೆಂಡಿಗೆ ಹಣವನ್ನು ಕಳುಹಬೇಕಾಗಿದ್ದಿತು. ವಸೂಲಾಗುತ್ತಿದ್ದುದು ಬೆಳ್ಳಿಯ ರೂಪಾಯಿ. ತೆರಬೇಕಾಗಿದ್ದುದು ಚಿನ್ನದ ಪೌಂಡು. ೧೮೭೨-೭೩ರಲ್ಲಿ ಸುಮಾರು ೨೨¾ ಪೆನ್ಸುಗಳಿಗೆ ಸಮನಾಗಿದ್ದ ರೂಪಾಯಿಯು ೧೮೯೨-೯೩ರಲ್ಲಿ ೧೫ ಪೆನ್ಸುಗಳಿಗೆ ಇಳಿಯಿತು. ಆ ವರ್ಷ ಕಳುಹಿಸಿದ ೧ ಕೋಟಿ ೬೫ ಲಕ್ಷ ಪೌಂಡುಗಳಿಗಾಗಿ ಸುಮಾರು ೨೬½ ಕೋಟಿ ರೂಪಾಯಿ ಬೇಕಾಯಿತು. ೧೮೭೩-೭೪ರ ದರವೇ ಇದ್ದಿದ್ದರೆ ೧೭¾ ಕೋಟಿ ಸಾಕಾಗುತ್ತಿದ್ದಿತು. ಒಂದೇ ವರ್ಷದಲ್ಲಿ ಎಂಟೂ ಮುಕ್ಕಾಲು ಕೋಟಿಯಷ್ಟು ಹೆಚ್ಚಿಗೆ! ಅಷ್ಟರಲ್ಲಿ ಈ ದೇಶವು ಹೊಸದಾಗಿ ಕೊಂಡುದು ಏನೂ ಇಲ್ಲ. ಸ್ವದೇಶಕ್ಕೆ ಸಂಬಳವನ್ನು ಕಳುಹುವ ಐರೋಪ್ಯ ಅಧಿಕಾರಿಗಳಿಗೆ ನಷ್ಟವಾಯಿತೆಂದು ೧೮೯೩ರಲ್ಲಿ ವಿಶೇಷ ಭತ್ಯವನ್ನು ಗೊತ್ತುಮಾಡಲಾಯಿತು. ಆ ಭತ್ಯವೂ ಈ ದೇಶದ ತೆರಿಗೆಯಿಂದಲೇ ಬರಬೇಕಾಗಿದ್ದಿತು.

ಕಡೆಗೆ ೧೮೯೩ರ ಜೂನ್ ೨೬ರಂದು ಸಿಮ್ಲಾದಲ್ಲಿ ಕೂಡಿದ ಶಾಸನಸಭೆಯು, ಒಂದೇ ದಿನದಲ್ಲಿ ಮಸೂದೆಯನ್ನು ಮಂಡಿಸಿ ಅಂಗೀಕರಿಸಿ, ಟಂಕಸಾಲೆಗಳ ಬಾಗಿಲನ್ನು ಜನರ ಬೆಳ್ಳಿಗೆ ಮುಚ್ಚಿತು. ರೂಪಾಯಿಯನ್ನು ವಿರಳಮಾಡಿ ಅದರ ಬೆಲೆಯನ್ನು ಏರಿಸುವುದು ಉದ್ದೇಶ. ಸರ್ಕಾರದ ಪಕ್ಷದಲ್ಲಿಯೂ ಯುಕ್ತಿಯಿಲ್ಲದಿರಲಿಲ್ಲ. ವಿನಿಮಯದ ದರವು ದಿನದಿನಕ್ಕೆ ಕುಸಿಯುತ್ತಿದ್ದರೆ ಆಯವ್ಯಯವನ್ನು ಸರಿದೂಗಿಸುವುದಾಗಲಿ ಹೊರಗಿನ ಬಂಡವಾಳವನ್ನು ತರುವುದಾಗಲಿ ಸಾಧ್ಯವಿರಲಿಲ್ಲ. ಇಲ್ಲವಾದರೆ ಹೊಸ ತೆರಿಗೆಗಳನ್ನು ಹಾಕಬೇಕಾಗಿದ್ದಿತು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಉಪಾಯವೂ ಒಂದು ತೆರಿಗೆಯೇ, ತೆರುವವನಿಗೆ ಕಾಣದಂತಹ ತೆರಿಗೆ ಎಂಬುದನ್ನು ದಾದಾಭಾಯಿ ನವರೋಜಿ, ರಮೇಶಚಂದ್ರ ದತ್ತ ಮೊದಲಾದ ನಾಯಕರು ಅಂದೇ ಎತ್ತಿಹೇಳಿದರು. ಕಂದಾಯವು ರೂಪಾಯಿಯಲ್ಲಿ ನಿಗದಿಯಾಗಿರುವಾಗ ರೂಪಾಯಿ ದುರ್ಲಭವಾದರೆ ಕಂದಾಯವೇ ಭಾರವಾಗುವುದು. ಬಡವನ ಒಡವೆಯ ಬೆಳ್ಳಿಯೋ ರೂಪಾಯಿಯ ಸಂಬಂಧ ಕಳೆದುಕೊಂಡು ಅಗ್ಗದ ಲೋಹವಾಗುವುದು.

ಲೆಕ್ಕವನ್ನು ವಾಚಕರೇ ಮಾಡಿ ನೋಡಬಹುದು. ೧೮೯೯ರ ಹೊತ್ತಿಗೆ ರೂಪಾಯಿಯು ೧೬ ಪೆನ್ಸುಗಳಿಗೆ ಏರಿ ನಿಂತಿತು. ಔನ್ಸು ಬೆಳ್ಳಿಯ ಬೆಲೆಯು ಲಂಡನ್ನಿನಲ್ಲಿ ೨೭ ಪೆನ್ಸುಗಳ ಆಸುಪಾಸು. ಆ ಧಾರಣೆಯಂತೆ ಒಂದು ರೂಪಾಯಿಯೊಳಗಿನ ಬೆಳ್ಳಿಗೆ ಸುಮಾರು ೧೦ ಪೆನ್ಸು. ಹದಿನಾರಕ್ಕೆ ಹತ್ತು, ಎಂದರೆ ರೂಪಾಯಿಗೆ ಹತ್ತಾಣೆ. ಧಾತು ಈಶ್ವರದ ಬರದಲ್ಲಿ ನೂರು ತೊಲದ ಒಡವೆಯನ್ನು ಮಾರಿದವನಿಗೆ ಶರಾಫನ ಲಾಭವನ್ನು ಕಳೆದರೂ ನೂರಕ್ಕೆ ಹತ್ತಿರದ ರೂಪಾಯಿಗಳನ್ನು ಕಾಣುವ ಆಸೆಯಿದ್ದಿತು. ಶತಮಾನದ ಕೊನೆಯ ಬರಗಳಲ್ಲಿ ಅಷ್ಟೇ ಒಡವೆಯನ್ನು ಕಳಚಿದವನಿಗೆ ಅರುವತ್ತೆರಡು ರೂಪಾಯಿ ದೊರೆತರೆ ಹೆಚ್ಚು. ಆದರೆ ಅಮಲ್ದಾರರ ಕಚೇರಿಯಲ್ಲಿ ಕಟ್ಟಬೇಕಾದ ಕಂದಾಯದಲ್ಲಿ ಹತ್ತಾಣೆಗೆ ಒಂದು ರೂಪಾಯಿಯ ರಸೀತಿ ಕೊಡುವವರಿರಲಿಲ್ಲ. ೧೮೭೩ರ ಬಾಣವು ಇಪ್ಪತ್ತು ವರ್ಷಗಳ ಮೇಲೆ, ಸಿಮ್ಲಾದ ಬೆಟ್ಟದಿಂದ ತಿರುಗಿ, ಮಧುಗಿರಿ ಸೀಮೆಯ ಹೆಂಗಸಿನ ಕಾಲ್ಕಡಗಕ್ಕೆ ತಾಗಿತು.

ಮೈಸೂರಿನ ಪಾಡು ಇನ್ನೂ ವಿಚಿತ್ರ. ಕಾಕತಾಳೀಯವೆಂಬಂತೆ, ಬೆಂಗಳೂರಿನಲ್ಲಿ ನೆಲಸಿದ್ದ ಲವೆಲ್ ಎಂಬ ಐರ್ಲೆಂಡಿನವನು ಕೋಲಾರ ಜಿಲ್ಲೆಯಲ್ಲಿ ಗಣಿ ತೋಡುವ ಹಕ್ಕಿಗಾಗಿ ಸರ್ಕಾರಕ್ಕೆ ಅರ್ಜಿ ಹಾಕಿದುದು ಇದೇ ೧೮೭೩ರಲ್ಲಿ. ಮುಂದೆ ಜಾನ್ ಟೇಲರ್ ಕಂಪೆನಿಯ ಕೈಯಲ್ಲಿ ಆ ನೆಲವು ಹೊನ್ನನ್ನು ಹೊರಗೆಡಹಿತು. ಲೋಕವೆಲ್ಲ ಚಿನ್ನಕ್ಕಾಗಿ ಬಾಯಿಬಿಡುತ್ತಿದ್ದ ಕಾಲದಲ್ಲಿ ಮೈಸೂರಿನ ಚಿನ್ನವು ಹಡಗನ್ನೇರಿ ಲಂಡನ್ನಿಗೆ ಹೋಗುತ್ತಿದ್ದಿತು. ಸಂಸ್ಥಾನಕ್ಕೆ ಬರುತ್ತಿದ್ದುದು ರಾಜಧನ ಮಾತ್ರ. ೧೮೮೧ರಲ್ಲಿ ಹುಟ್ಟಿದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ರೈತರೂ ವರ್ತಕರೂ ಕುಳಿತಿದ್ದರು. ಆದರೆ ಅವರ ಜೇಬಿನಲ್ಲಿದ್ದ ರೂಪಾಯಿಯ ವಿಷಯದಲ್ಲಿ ಅವರಿಗಾಗಲಿ, ಅವರ ದಿವಾನರಿಗಾಗಲಿ ಯಾವ ಅಧಿಕಾರವೂ ಇರಲಿಲ್ಲ.

ಇದರಿಂದ ಕಲಿಯತಕ್ಕುದು

ಜರ್ಮನರನ್ನು ನಾವು ದೂರುವುದಿಲ್ಲ. ತಮ್ಮ ದೇಶಕ್ಕೆ ಹಿತವೆಂದು ತೋರಿದುದನ್ನು ಅವರು ತಮ್ಮ ಸಭೆಯಲ್ಲಿ ಚರ್ಚಿಸಿ ಮಾಡಿಕೊಂಡರು, ನಷ್ಟವಾದಾಗ ನಿಲ್ಲಿಸಿಕೊಂಡರು. ನಮ್ಮವರಿಗೆ ಇಲ್ಲದೆ ಹೋದುದು ಆ ಎರಡು ಶಕ್ತಿಗಳೇ. ಮಳೆ ತಪ್ಪಿದುದು ರೈತನಿಗೆ ಕಣ್ಣಿಗೆ ಕಾಣುವುದು. ಅಳತೆಗೋಲೇ ಕುಗ್ಗಿದುದು ಕಾಣುವುದಿಲ್ಲ. ಕಾಣದ ನಷ್ಟಕ್ಕೆ ಅರ್ಜಿ ಬರೆಯುವುದು ಹೇಗೆ, ಯಾರ ಹೆಸರಿಗೆ?

ಇಂದು ನಾಣ್ಯವು ನಮ್ಮದೇ. ೧೯೩೫ರಲ್ಲಿ ಸ್ಥಾಪಿತವಾದ ರಿಸರ್ವ್ ಬ್ಯಾಂಕು ಸ್ವತಂತ್ರ ಭಾರತದ ಸಂಸ್ಥೆಯಾಗಿದೆ; ಕಾಯಿದೆಗಳು ನಮ್ಮ ಸಂಸತ್ತಿನಲ್ಲಿಯೇ ಆಗುತ್ತವೆ. ಆದರೂ ಕುಗ್ಗುವ ಅಳತೆಗೋಲಿನ ಪ್ರಶ್ನೆಯು ಈ ಸೀಮೆಯನ್ನು ಬಿಟ್ಟುಹೋಗಿಲ್ಲ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ, ೨೦೧೮ರಲ್ಲಿ ಉದ್ಘಾಟನೆಯಾದ ಸೌರ ವಿದ್ಯುತ್ತಿನ ಸ್ಥಾವರವನ್ನು ನೋಡಿರಿ. ೨,೦೫೦ ಮೆಗಾವಾಟ್ ಸಾಮರ್ಥ್ಯದ ಆ ಸ್ಥಾವರಕ್ಕಾಗಿ ಸುಮಾರು ೧೩,೦೦೦ ಎಕರೆ ಭೂಮಿಯನ್ನು ರೈತರು ಮಾರಲಿಲ್ಲ, ದೀರ್ಘಕಾಲದ ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ. ಎರಡು ವರ್ಷಕ್ಕೊಮ್ಮೆ ನೂರಕ್ಕೆ ೫ರಂತೆ ಏರಿಕೆ. ಮಳೆಯ ಹಂಗಿಲ್ಲದೆ ಕೈಸೇರುವ ಈ ಹಣವು ಅಂತಹ ಬರಡುಸೀಮೆಗೆ ದೊಡ್ಡ ಆಸರೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಲೆಕ್ಕವನ್ನು ಹಾಕಿ ನೋಡಿದರೆ, ಈ ಏರಿಕೆಯು ವರ್ಷಕ್ಕೆ ನೂರಕ್ಕೆ ಎರಡೂವರೆಗೂ ಸ್ವಲ್ಪ ಕಡಮೆಯೇ. ಸರ್ಕಾರವು ೨೦೧೬ರಲ್ಲಿ ರಿಸರ್ವ್ ಬ್ಯಾಂಕಿಗೆ ಗೊತ್ತುಮಾಡಿಕೊಟ್ಟ ಬೆಲೆಯೇರಿಕೆಯ ಗುರಿಯೇ ನೂರಕ್ಕೆ ೪. ಗುರಿಯಂತೆಯೇ ಎಲ್ಲವೂ ನಡೆದು ಇಪ್ಪತ್ತು ವರ್ಷ ಕಳೆದರೆ ೨೧,೦೦೦ವು ಸುಮಾರು ೩೪,೨೦೦ ಆಗಿರುವುದು. ಮೊದಲಿನಷ್ಟೇ ಸಾಮಾನನ್ನು ಕೊಳ್ಳಲು ಬೇಕಾಗುವುದು ಸುಮಾರು ೪೬,೦೦೦. ಎಂದರೆ ಅಂದಿನ ಬೆಳ್ಳಿಯ ರೂಪಾಯಿ ಹತ್ತಾಣೆಯಾದಂತೆ, ಈ ಗುತ್ತಿಗೆಯ ರೂಪಾಯಿಯು ಹನ್ನೆರಡಾಣೆಯಾಗುವುದು. ಇಲ್ಲಿಯೂ ಯಾರೂ ಮೋಸಮಾಡಿರುವುದಿಲ್ಲ. ಎಲ್ಲವೂ ಕರಾರಿನಂತೆಯೇ ನಡೆದಿರುತ್ತದೆ.

ಭೇದವೊಂದುಂಟು. ೧೮೭೩ರಲ್ಲಿ ಬರ್ಲಿನ್ನಿನಲ್ಲಿ ಏನಾಯಿತೆಂಬುದನ್ನು ಈ ಸೀಮೆಯವರು ತಿಳಿಯುವ ದಾರಿಯಿರಲಿಲ್ಲ, ತಿಳಿದರೂ ಮಾಡುವಂತಹುದಿರಲಿಲ್ಲ. ಇಂದು ಕರಾರನ್ನು ಬರೆಯುವ ಅಧಿಕಾರಿಯೂ ಅದಕ್ಕೆ ರುಜುಹಾಕುವ ರೈತನೂ ಒಂದೇ ರಾಜ್ಯದ ಪ್ರಜೆಗಳು, ಒಂದೇ ಮತದಾರರ ಪಟ್ಟಿಯಲ್ಲಿ ಹೆಸರುಳ್ಳವರು. ಬರಿಯ ಸಂಖ್ಯೆಯನ್ನು ಬರೆಯುವುದಕ್ಕೆ ಬದಲಾಗಿ ಬೆಲೆಗಳ ಸೂಚ್ಯಂಕದೊಡನೆ ಏರುವ ಗುತ್ತಿಗೆಯನ್ನು ಬರೆಯ ಬಾರದೆಂಬ ವಿಧಿಯೇನೂ ಇಲ್ಲ. ಸರ್ಕಾರಿ ನೌಕರರ ತುಟ್ಟಿಭತ್ಯವು ಆ ಸೂಚ್ಯಂಕವನ್ನೇ ಅನುಸರಿಸಿ ಏರುತ್ತದೆಯಲ್ಲವೆ? ಸಂಬಳಕ್ಕೆ ನ್ಯಾಯವಾದುದು ಭೂಮಿಯ ಗುತ್ತಿಗೆಗೆ ಅನ್ಯಾಯವಾಗಲಾರದು.

ದೀರ್ಘಕಾಲದ ಕರಾರುಗಳನ್ನು ಸಿದ್ಧಪಡಿಸುವ ಅಧಿಕಾರಿಗಳು ಲೇಖನಿಯನ್ನು ಎತ್ತುವ ಮೊದಲು ಆ ಕಾಲ್ಕಡಗದ ಕಥೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಲಿ. ರೈತರೂ ರುಜುಹಾಕುವ ಮೊದಲು, ಎಷ್ಟು ರೂಪಾಯಿ ಎಂದು ಕೇಳುವುದರ ಜೊತೆಗೆ, ಇಪ್ಪತ್ತು ವರ್ಷದ ಮೇಲೆ ಆ ರೂಪಾಯಿಗೆ ಎಷ್ಟು ಸೇರು ರಾಗಿ ಎಂದು ಕೇಳಲಿ.